ಮೂರು ತಿಂಗಳು ತುಂಬುವ ತನಕ ನಾನು ಕಾಯಿಲೆಯವಳು

ಮೊದಲು ಗೊತ್ತಾದದ್ದು ಬ್ಲೌಸಿನ ಹುಕ್ಕಿನಿಂದ. ಹಾಕಿಕೊಳ್ಳುವಾಗ ಎದೆ ಚುರ್ ಎಂದಿತು. ಕಂಪ್ಲಿಯಲ್ಲಿ ನಮ್ಮ ಓಣಿಯ ಅರ್ಧ ಹೆಂಗಸರ ಬ್ಲೌಸ್ ಹೊಲಿಯುವವಳು ನಾನು. ನನ್ನದೇ ಬಿಗಿಯಾಯಿತಲ್ಲ ಎಂದು ನಕ್ಕು, ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ನೋವು ಹೋಗಲಿಲ್ಲ. ಸ್ನಾನ ಮಾಡಿ ಒರೆಸಿಕೊಳ್ಳುವಾಗ ಟವೆಲ್ ತಾಗಿದರೂ ಉರಿ. ಮಷೀನಿನ ಮೇಲೆ ಬಗ್ಗಿದರೆ ಭಾರ. ಕನ್ನಡಿಯಲ್ಲಿ ನೋಡಿದರೆ ತೊಟ್ಟಿನ ಸುತ್ತ ಕಪ್ಪಾಗಿತ್ತು, ಅಲ್ಲಲ್ಲಿ ಸಣ್ಣ ಗುಳ್ಳೆ, ಎಂದೂ ಕಾಣದ ನೀಲಿ ನರಗಳು. ಎಡಗಡೆ ಒತ್ತಿದೆ. ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು.

ಕೈ ತೆಗೆದೆ. ಮತ್ತೆ ಮುಟ್ಟಲಿಲ್ಲ.

ನನ್ನ ಹೆದರಿಕೆಗೆ ಕಾರಣ ಇತ್ತು. ನಮ್ಮೆಜಮಾನರ ದೊಡ್ಡಪ್ಪನ ಮಗಳು ಈರಮ್ಮಕ್ಕ ಬುಕ್ಕಸಾಗರದಲ್ಲಿದ್ದಾಳೆ. ಹಿಂದಿನ ವರ್ಷ ಕ್ಯಾನ್ಸರ್ ಎಂದು ಅವಳ ಒಂದು ಸ್ತನ ತೆಗೆದಿದ್ದರು. ಆಪರೇಷನ್, ಕೀಮೋ ಎಲ್ಲ ಮುಗಿದ ಮೇಲೆ ಒಳಗೆ ಹತ್ತಿ ಇಟ್ಟ ಬ್ಲೌಸ್ ಹೊಲಿದುಕೊಟ್ಟವಳು ನಾನೇ. ಅಳತೆ ತೆಗೆಯುವಾಗ ನಾನೇ ಎರಡು ಸಲ ಟೇಪು ತಪ್ಪಾಗಿ ಓದಿದೆ. ಅವಳು ಆರಾಮಾಗಿ ನಿಂತು ಭತ್ತದ ನಾಟಿಯ ಸುದ್ದಿ ಹೇಳುತ್ತಿದ್ದಳು.

ಮುಟ್ಟು ನಿಂತದ್ದು ತಿಳಿಯಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ನನಗೆ ಪಿಸಿಓಡಿ. ಎರಡು ತಿಂಗಳು ಆಗದಿರುವುದು ಮಾಮೂಲು. ಮದುವೆಯಾಗಿ ಹತ್ತು ವರ್ಷ ದಾಟಿತ್ತು, ಮಗುವಿಗಾಗಿ ಗುಳಿಗೆ, ಇಂಜೆಕ್ಷನ್, ಹರಕೆ ಎಲ್ಲ ಮುಗಿಸಿ ನಾವಿಬ್ಬರೂ ಆ ವಿಷಯ ಮಾತಾಡುವುದನ್ನೇ ಬಿಟ್ಟಿದ್ದೆವು. ಅದು ನೆನಪಿಗೆ ಬರುವುದಾದರೂ ಹೇಗೆ?

ನಮ್ಮೆಜಮಾನರು ವೀರೇಶ್, ರೈಸ್ ಮಿಲ್ಲಿನಲ್ಲಿ ಮಷೀನ್ ನೋಡಿಕೊಳ್ಳುತ್ತಾರೆ. ನಾನು ಹೇಳಿದ ಮೇಲೆ, ಎದೆಯ ಗಡ್ಡೆಗೆ ಒಳ್ಳೆಯ ಡಾಕ್ಟರ್ ಯಾರು ಎಂದು ಮಿಲ್ಲಿನಲ್ಲಿ ಒಬ್ಬರನ್ನು ಕೇಳಿದರು. ಒಬ್ಬರನ್ನೇ ಕೇಳಿದ್ದು. ನಾವು ಹೊಸಪೇಟೆ ಬಸ್ ಹತ್ತಿ ಕೂರುವಷ್ಟರಲ್ಲಿ ಫೋನ್ ಶುರುವಾಯಿತು. ಸಂಡೂರಿನಿಂದ ಅವರ ಸೋದರತ್ತೆ, ಮರಿಯಮ್ಮನಹಳ್ಳಿಯಿಂದ ನನ್ನ ಚಿಕ್ಕಮ್ಮ. ಅತ್ತ ಕಡೆಯಿಂದ ಅಳು, ಇತ್ತ ಕಡೆ ಇವರಿಂದ ಸಮಾಧಾನ. ಡಾಕ್ಟರ್ ನೋಡುವುದಕ್ಕೆ ಮೊದಲೇ ನನ್ನ ಕಾಯಿಲೆ ಊರೂರು ತಲುಪಿತ್ತು.

ಡಾಕ್ಟರಮ್ಮ ಕೈಯಿಂದ ಪರೀಕ್ಷೆ ಮಾಡಿದರು. ಎಕ್ಸ್‌ರೇ ಕೋಣೆಗೆ ಕಳಿಸುವ ಮುಂಚೆ ಇದನ್ನು ಕೇಳಲೇಬೇಕು ಎಂದು ಕೊನೆಯ ಮುಟ್ಟಿನ ದಿನ ಕೇಳಿದರು. ನೆನಪಿಲ್ಲ ಎಂದೆ. ಹಾಗಾದರೆ ಮೊದಲು ಯೂರಿನ್ ಟೆಸ್ಟ್ ಎಂದರು. ನನಗೆ ಸಿಟ್ಟು ಬಂತು. ಈ ಟೆಸ್ಟ್ ಮಾಡಿ ಮಾಡಿ ಎಷ್ಟು ಸಲ ಅತ್ತಿದ್ದೇನೆಂದು ಇವರಿಗೇನು ಗೊತ್ತು ಎಂದುಕೊಂಡೇ ಬಾಟಲಿ ಹಿಡಿದು ಎದ್ದೆ.

ಎರಡು ಗೆರೆ ಬಂದಿತ್ತು.

ಎದೆಗೂ ಹೊಟ್ಟೆಗೂ ಸ್ಕ್ಯಾನ್ ಮಾಡಿದರು. ಕೈಗೆ ಸಿಕ್ಕಿದ್ದು ಗಡ್ಡೆಯಲ್ಲ, ಹಾಲಿನ ಗ್ರಂಥಿಗಳು ಹಿಗ್ಗಿವೆ, ಬಸಿರಿನ ಮೊದಲಲ್ಲಿ ಬಹಳ ಜನರಿಗೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ಆದರೆ ಎದೆಯಲ್ಲಿ ಹೊಸದೇನು ಕಂಡರೂ ಬಸಿರೇ ಇರಬೇಕೆಂದು ಸುಮ್ಮನಿರಬಾರದು, ತೋರಿಸಿದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ನನ್ನ ಕಿವಿಗೆ ಅರ್ಧವೇ ಬಿತ್ತು. ಪರದೆಯ ಮೇಲೆ ಏನೋ ಮಿಣುಕುತ್ತಿತ್ತು.

“ಹಾರ್ಟ್‌ಬೀಟ್ ಚೊಲೋ ಐತಿ ನೋಡ್ರಿ,” ಎಂದರು.

“ಯಾರ್ದುರಿ ಅದು?” ಎಂದು ಕೇಳಿದರು ನಮ್ಮೆಜಮಾನರು.

ಪಾಪ, ಅವರು ಕ್ಯಾನ್ಸರ್ ಕೇಳಲು ತಯಾರಾಗಿ ಬಂದವರು. ನಾನು ಹಾಸಿಗೆಯ ಮೇಲೆ ಮಲಗಿದ್ದಂತೆಯೇ ಹೊಟ್ಟೆ ಕುಣಿಯುವಷ್ಟು ನಕ್ಕೆ. ಅಲುಗಾಡಬೇಡ ಎಂದು ಡಾಕ್ಟರಮ್ಮ ಗದರಿಸಿದರು. ಆಮೇಲೆ ಅಳು ಬಂತು, ಅದನ್ನೂ ತಡೆಯಲಿಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮತ್ತೆ ದೇವರ ಮುಂದೆ ದೀಪ ಹಚ್ಚಿ, ಬಾಗಿಲು ಹಾಕಿ ಬಂದರು.

“ಮೂರು ತಿಂಗಳು ತುಂಬೋ ತನಕ ಇಬ್ರೂ ಬಾಯಿ ಬಿಡಬ್ಯಾಡ್ರಿ. ಹೋದ ಸಲ ಏನಾತು ಗೊತ್ತಲ್ಲ?”

ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಒಮ್ಮೆ ಬಸಿರು ನಿಂತಿತ್ತು. ಆ ಖುಷಿಗೆ ಓಣಿಗೆಲ್ಲ ಪೇಡೆ ಹಂಚಿದ್ದೆವು. ಅದು ಉಳಿಯಲಿಲ್ಲ. ಹಂಚಿದ ಮನೆಗಳವರೇ ಬಂದು ಸಮಾಧಾನ ಹೇಳಿಹೋದರು. ಇದೂ ಹಾಗಾದರೆ ಎಂಬ ಭಯ ಅತ್ತೆಯ ಕಣ್ಣಲ್ಲಿತ್ತು, ನನ್ನ ಹೊಟ್ಟೆಯಲ್ಲೂ ಇತ್ತು. ಹೂಂ ಎಂದೆ.

ಆದರೆ ಕ್ಯಾನ್ಸರ್ ಸುದ್ದಿ ಊರಲ್ಲಿತ್ತಲ್ಲ. ಅದನ್ನು ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ವಾಂತಿ ಬೇರೆ ಶುರುವಾಗಿತ್ತು, ಮುಖ ಬಾಡಿತ್ತು. ನೋಡಿದವರು ತಾವೇ ತೀರ್ಮಾನಿಸಿದರು. ದಾಳಿಂಬೆ ಬಂತು, ಎಳನೀರು ಬಂತು, ಹುಲಿಗಿಯ ಅಮ್ಮನ ಗುಡಿಯಿಂದ ಅರಿಶಿನದ ಭಂಡಾರ ಬಂತು. ಕೆಲವರು ಹಳೆಯ ಬ್ಲೌಸ್ ಹೊಲಿದಿದ್ದರ ಬಾಕಿಯನ್ನೂ ತಂದುಕೊಟ್ಟರು. ನಾನು ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದೆ. ನಮ್ಮೆಜಮಾನರಿಂದ ಅದೂ ಆಗಲಿಲ್ಲ. ಬಂದವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರ ಹಲ್ಲು ಕಾಣುತ್ತಿತ್ತು. ಹೆಂಡತಿ ಸಾಯುವ ಹಾಗಿದ್ದಾಳೆ, ಇವನಿಗೆ ನಗು ಎಂದು ಮಿಲ್ಲಿನಲ್ಲಿ ಮಾತಾಯಿತಂತೆ. ನನಗೆ ಈ ನಾಟಕ ಮಜಾ ಅನ್ನಿಸತೊಡಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಈರಮ್ಮಕ್ಕ ಬಂದಳು.

ಅಳಲಿಲ್ಲ, ಹಣ್ಣು ತರಲಿಲ್ಲ. ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಸೆರಗು ಸರಿಸಿ, ಹುಕ್ಕು ಬಿಚ್ಚಿದಳು. ಎದೆಯ ಒಂದು ಕಡೆ ಉದ್ದಕ್ಕೆ ಹೊಲಿಗೆಯ ಗುರುತು.

“ಮುಟ್ಟಿ ನೋಡು ತಂಗಿ. ಇಷ್ಟ ಐತಿ. ಇದಕ್ಕ ನಾ ಸತ್ತಿಲ್ಲ, ನೀನೂ ಸಾಯಂಗಿಲ್ಲ. ಆಪರೇಷನ್‌ಗೆ ನಾ ಬರ್ತೀನಿ ನಿನ್ನ ಜೋಡಿ.”

ಆಮೇಲೆ ಚೀಲದಿಂದ ಒಂದು ಹತ್ತಿಯ ಸ್ಕಾರ್ಫ್ ತೆಗೆದಳು. ಕೀಮೋದಲ್ಲಿ ಕೂದಲು ಹೋದಾಗ ಅವಳು ಕಟ್ಟಿಕೊಳ್ಳುತ್ತಿದ್ದದ್ದು. ನನಗಾಗಿ ಒಗೆದು, ಇಸ್ತ್ರಿ ಮಾಡಿ ತಂದಿದ್ದಳು.

ಅದನ್ನು ಕೈಗೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ದಾಳಿಂಬೆ ತಿನ್ನಬಹುದು, ಭಂಡಾರ ಹಚ್ಚಿಕೊಳ್ಳಬಹುದು. ಇದನ್ನು ಹೇಗೆ ಇಟ್ಟುಕೊಳ್ಳಲಿ? ಹೇಳಿದರೆ ಮಗುವಿಗೆ ಏನಾಗುವುದೋ ಎಂಬ ಭಯ ಇದ್ದೇ ಇತ್ತು. ಮೂರು ತಿಂಗಳು ತುಂಬಲು ಇನ್ನೂ ಎರಡು ವಾರ. ಆದರೂ ಹೇಳಿಬಿಟ್ಟೆ.

“ಅಕ್ಕಾ, ನಂಗ ಕ್ಯಾನ್ಸರ್ ಇಲ್ಲ. ಬಸರಾಗೀನಿ.”

ಅವಳು ಹಾಗೇ ನಿಂತಳು. ಬೈಯುತ್ತಾಳೆ, ಇಲ್ಲವೇ ಹೊರಟುಹೋಗುತ್ತಾಳೆ ಎಂದುಕೊಂಡೆ. ನಿಧಾನವಾಗಿ ಹುಕ್ಕು ಹಾಕಿಕೊಂಡಳು, ಮಂಚದ ಮೇಲೆ ಕುಳಿತಳು, ಆಮೇಲೆ ನಗಲು ಶುರು ಮಾಡಿದಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಚಹಾ ತಂದ ನಮ್ಮತ್ತೆ ಬಾಗಿಲಲ್ಲೇ ನಿಂತು, ಏನಾಗಿದೆ ಎಂದು ಒಂದೇ ನೋಟಕ್ಕೆ ತಿಳಿದುಕೊಂಡರು. ಮುಖ ಬಿಳಿಚಿತು.

“ಹೆದರಬ್ಯಾಡ ಚಿಗವ್ವ,” ಎಂದಳು ಅಕ್ಕ. “ಸಾವಿನ ಬಾಯಾಗಿಂದ ಎದ್ದು ಬಂದಾಕಿ ನಾ. ನನ್ನ ಕಣ್ಣು ಯಾರಿಗೂ ತಾಗಂಗಿಲ್ಲ.”

ಅತ್ತೆ ಚಹಾ ಕೆಳಗಿಟ್ಟರು. ಒಳಗೆ ಹೋಗಿ ಸಕ್ಕರೆ ತಂದು ಅಕ್ಕನ ಬಾಯಿಗೆ ಹಾಕಿದರು. ಹೊರಡುವಾಗ ಕಟ್ಟೆಯ ಮೇಲೆ ಕುಳಿತ ಹೆಂಗಸರು ಸುಜಾತಾ ಹೆಂಗಿದ್ದಾಳೆ ಎಂದು ನನ್ನ ಬಗ್ಗೆ ಕೇಳಿದರೆ, ಅಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಮುಖ ಸಣ್ಣದು ಮಾಡಿಕೊಂಡು, ಡಾಕ್ಟರ್ ಹೇಳಿದ ಹಾಗೆ ಕೇಳಿದರೆ ಆರಾಮಾಗುತ್ತಾಳೆ ಎಂದಳಂತೆ.

ಈಗ ಆರನೇ ತಿಂಗಳು. ಓಣಿಗೆ ಗೊತ್ತಾಗಿದೆ. ತಮ್ಮ ಹರಕೆಯಿಂದಲೇ ಗಡ್ಡೆ ಕರಗಿ ಕೂಸಾಯಿತು ಎನ್ನುವವರೂ ಇದ್ದಾರೆ, ನಾನು ವಾದ ಮಾಡಲು ಹೋಗುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ಡಾಕ್ಟರಮ್ಮ ಹೇಳಿದರೂ ಪೂರ್ತಿ ನಂಬಲು ಧೈರ್ಯವಿಲ್ಲ, ಖುಷಿಪಡದೆ ಇರಲೂ ಆಗುವುದಿಲ್ಲ. ಹೆರಿಗೆಯಾದ ಮೇಲೂ ತಿಂಗಳಿಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳಬೇಕು ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಮೊನ್ನೆ ಇಬ್ಬರಿಗೂ ಒಂದೇ ದಿನ ತಪಾಸಣೆ ಇತ್ತು. ಅವಳು ಒಂದು ಬಾಗಿಲಿಗೆ ಹೋದಳು, ನಾನು ಇನ್ನೊಂದಕ್ಕೆ. ನಾನು ಹೊರಬಂದಾಗ ಅವಳು ಆಗಲೇ ಬೆಂಚಿನ ಮೇಲಿದ್ದಳು. ರಿಪೋರ್ಟ್ ಏನಂತೆ ಎಂದು ಕೇಳದೆ ಅವಳ ಪಕ್ಕ ಕುಳಿತೆ.

“ಏನೂ ಇಲ್ಲಂತ,” ಎಂದಳು. “ನಿಂದ ಹೇಳು, ಒದಿತೈತಿಲ್ಲೋ?”

ಅವಳ ಕೈ ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು.

ಒದ್ದಿತು. ಕ್ಯಾನ್ಸರ್ ಎಂದಾಗ ಅಳದ ಈರಮ್ಮಕ್ಕ ಆಸ್ಪತ್ರೆಯ ಅಷ್ಟು ಜನರ ನಡುವೆ ಕೂತು ಅತ್ತಳು.