ಅರಿಶಿನದಲ್ಲಿ ಅದ್ದಿದ ಲೇಸು

ನಮ್ಮ ಮನೆಗೆ ಬಣ್ಣದ ಮಣಿ ಬರುತ್ತಿರಲಿಲ್ಲ. ಬಿಳಿ ಮಣಿ, ಬಿಳಿ ಲೇಸು, ಬಿಳಿ ಸ್ಯಾಟಿನ್ ಹೂವು, ಎಲ್ಲವೂ ಬಿಳಿಯೇ. ಅತ್ತೆ ಕಾಟನ್‌ಪೇಟೆಯ ಸಗಟು ಅಂಗಡಿಯಿಂದ ಕೈಚೀಲದ ತುಂಬ ತರುತ್ತಿದ್ದರು. "ಅಂಗಡಿಯೋನ ಕೆಂಪಿಗೂ ನಮ್ಮ ಕಾಗದದ ಕೆಂಪಿಗೂ ಜಾತಕ ಕೂಡಲ್ಲ. ಬಣ್ಣ ನಾವೇ ಹಾಕ್ಕೋಬೇಕು" ಎನ್ನುವುದು ಅವರ ಸಿದ್ಧಾಂತ.

ಚಾಮರಾಜಪೇಟೆಯ ಆ ಮನೆಯಲ್ಲಿ ಅತ್ತೆ ಮದುವೆಗಳಿಗೆ ಆರತಿ ತಟ್ಟೆ ಅಲಂಕರಿಸಿಕೊಡುತ್ತಿದ್ದರು. ರಟ್ಟಿನ ಮೇಲೆ ಬಣ್ಣದ ಕಾಗದ ಅಂಟಿಸಿ, ಕಾಗದದಲ್ಲೇ ಕಮಲ, ಗಿಳಿ, ನವಿಲು ಕತ್ತರಿಸಿ ನಿಲ್ಲಿಸಿ, ಅಂಚಿಗೆ ಲೇಸು ಸುತ್ತಿ, ನಡುನಡುವೆ ಮಣಿ ಕೂರಿಸುವುದು. ಹುಡುಗಿ ಕಡೆಯವರು ಮದುವೆ ಸೀರೆಯ ಬ್ಲೌಸ್ ಪೀಸಿನಿಂದ ಬೆರಳಗಲದ ತುಂಡು ತಂದುಕೊಡುತ್ತಿದ್ದರು. ಸೀರೆಗೆ ಕಾಗದ ಹೊಂದಬೇಕು, ಕಾಗದಕ್ಕೆ ಲೇಸು ಮತ್ತು ಮಣಿ ಹೊಂದಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಎಲ್ಲವೂ ಮ್ಯಾಚಿಂಗ್ ಆಗಬೇಕೆಂಬ ಹುಚ್ಚು ಆಗ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಎಲ್ಲ ಮನೆಗಳಿಗೂ ಹಿಡಿದಿತ್ತು.

ನಾನು ಆ ಕೆಲಸಕ್ಕೆ ಕೂತದ್ದು ಗಂಡ ತೀರಿಕೊಂಡ ಎರಡನೇ ತಿಂಗಳು. ಕಾಮಾಲೆ ಎಂದು ಮಲಗಿದವರು ಹದಿನಾರನೇ ದಿನ ಇಲ್ಲವಾದರು. ಮದುವೆಯಾಗಿ ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತೇಳು. ದುಃಖವೆಂದರೆ ಏನೋ ಜೋರಾದದ್ದು, ಬಂದು ಹೊಡೆಯುವಂಥದ್ದು ಅಂದುಕೊಂಡಿದ್ದೆ. ನನಗೆ ಹಾಗೇನೂ ಆಗಲಿಲ್ಲ. ಕಾಲು ಮಡಚಿ ಕೂತು ಜೋಮು ಹಿಡಿದಾಗ ಆ ಕಾಲು ಮುಟ್ಟಿದರೆ ಬೇರೆ ಯಾರದ್ದೋ ಕಾಲು ಅನ್ನಿಸುತ್ತದಲ್ಲ, ನಾನು ಅಡಿಯಿಂದ ಮುಡಿಯವರೆಗೆ ಹಾಗಾಗಿದ್ದೆ. ಬಂದವರು ನನ್ನ ಕಣ್ಣಲ್ಲಿ ನೀರು ಹುಡುಕಿದರು, ಸಿಗದೆ ಕಾಫಿ ಕುಡಿದು ಹೋದರು. ಅಪ್ಪ ಬಂದು ಊರಿಗೆ ಕರೆದಾಗ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. "ಇರಲಿ ಬಿಡಿ, ಇಲ್ಲೇ ಇರ್ತಾಳೆ" ಎಂದವರು ಅತ್ತೆ.

ಒಂದು ಮಧ್ಯಾಹ್ನ ಅವರು ನನ್ನ ಮುಂದೆ ಬಿಳಿ ಮಣಿಯ ಬಟ್ಟಲು, ತೆಂಗಿನ ಪೊರಕೆಯ ಕಡ್ಡಿ, ಅರ್ಧ ಕತ್ತರಿಸಿದ ಆಲೂಗಡ್ಡೆ ಇಟ್ಟು ಹೋದರು. ಕಡ್ಡಿಗೆ ಮಣಿ ಪೋಣಿಸಬೇಕು, ಬಣ್ಣ ಬಳಿಯಬೇಕು, ಒಣಗಲು ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನಿಲ್ಲಿಸಬೇಕು. ಸಂಜೆಯ ಹೊತ್ತಿಗೆ ಬಟ್ಟಲು ಖಾಲಿಯಾಗಿತ್ತು.

ಆಮೇಲೆ ದಿನವೂ ಕೂತೆ. ನೇಲ್ ಪಾಲಿಷ್, ಬಟ್ಟೆಗೆ ಹಾಕುವ ಬಣ್ಣ, ಸ್ಟಾಂಪ್ ಪ್ಯಾಡಿನ ಇಂಕು, ಯಾವುದೂ ವರ್ಜ್ಯವಲ್ಲ. ಹಳೇ ಚಿನ್ನದ ಬಣ್ಣ ಬೇಕೆಂದರೆ ಲೇಸನ್ನು ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಹಾಕುತ್ತಿದ್ದೆವು. ಒದ್ದೆ ಬಣ್ಣ ಸುಳ್ಳು ಹೇಳುತ್ತದೆ, ಒಣಗಿದ ಮೇಲೆ ಕಿಟಕಿಯ ಬೆಳಕಲ್ಲೊಮ್ಮೆ, ಟ್ಯೂಬ್‌ಲೈಟಿನಡಿ ಒಮ್ಮೆ, ದೇವರಮನೆಯ ಹಳದಿ ಬಲ್ಬಿನ ಕೆಳಗೊಮ್ಮೆ ಹಿಡಿದು ನೋಡಬೇಕು. ಛತ್ರದಲ್ಲಿ ಯಾವ ದೀಪವಿರುತ್ತದೋ ಯಾರು ಕಂಡರು. ಇಷ್ಟನ್ನು ಮಾಡುತ್ತಾ ನನಗೆ ಸಂತೋಷವಾಗುತ್ತಿತ್ತು ಎಂದರೆ ಸುಳ್ಳಾದೀತು. ಹೊತ್ತು ಹೋಗುತ್ತಿತ್ತು, ಅಷ್ಟೇ.

ಆದರೆ ಒಂದು ವಿಷಯ ಇಬ್ಬರಿಗೂ ಗೊತ್ತಿತ್ತು. ಜನ ಅತ್ತೆಯ ಬಳಿ ಬರುತ್ತಿದ್ದದ್ದು ಕೈಚಳಕಕ್ಕಲ್ಲ, ಕೈಗುಣಕ್ಕೆ. ಮಾವ ಇದ್ದರು. ಅತ್ತೆ ತುಂಬು ಮುತ್ತೈದೆ, ಅವರು ಮಾಡಿದ ತಟ್ಟೆಯಲ್ಲಿ ಆರತಿ ಎತ್ತಿದರೆ ಹುಡುಗಿಯ ಬಾಳು ತಣ್ಣಗಿರುತ್ತದೆ ಎಂದು ನಂಬಿದ್ದರು. ಅಂಥ ತಟ್ಟೆಗೆ ನನ್ನ ಕೈ ತಾಗುತ್ತಿದೆ ಎಂದು ತಿಳಿದರೆ ಒಬ್ಬರೂ ಹೊಸ್ತಿಲು ತುಳಿಯುತ್ತಿರಲಿಲ್ಲ. ಬಾಗಿಲ ಗಂಟೆ ಬಾರಿಸಿದ ಕೂಡಲೇ ನಾನು ಮಣಿ, ಕಡ್ಡಿ, ಆಲೂಗಡ್ಡೆ ಎಲ್ಲ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಹೋಗು ಎಂದು ಅತ್ತೆ ಯಾವತ್ತೂ ಹೇಳಲಿಲ್ಲ. ಹೋಗಬೇಡ ಎಂದೂ ಹೇಳಲಿಲ್ಲ.

ಹೀಗೆ ಹತ್ತು ತಿಂಗಳಾಗಿರಬೇಕು. ಮಾವಿನಹಣ್ಣಿನ ಹಳದಿಯ ಸೀರೆಯೊಂದಕ್ಕೆ ತಟ್ಟೆ ಬೇಕೆಂದು ಬಂತು. ಕಾಗದವೇನೋ ಸಿಕ್ಕಿತು, ಲೇಸಿಗೆ ಹೊಂದುವ ಬಣ್ಣ ಮಾತ್ರ ಬರಲೊಲ್ಲದು. ಬಾಟಲಿಯ ಹಳದಿ ನಿಂಬೆಕಾಯಿಗೆ ತಿರುಗುತ್ತಿತ್ತು, ಕೆಂಪು ಬೆರೆಸಿದರೆ ಕಿತ್ತಳೆ. ಅತ್ತೆ ಆ ಎರಡು ದಿನ ಮಲ್ಲೇಶ್ವರದ ತಂಗಿಯ ಮನೆಗೆ ಹೋಗಿದ್ದರು. ನಾನು ಅಡುಗೆಮನೆಯ ಅರಿಶಿನವನ್ನು ಬಿಸಿನೀರಿನಲ್ಲಿ ಕದಡಿ ಲೇಸನ್ನು ಅದ್ದಿದೆ. ಒಣಗಿದ ಮೇಲೆ ಕಾಗದದ ಪಕ್ಕ ಇಟ್ಟರೆ ಯಾವುದು ಕಾಗದ, ಯಾವುದು ಲೇಸು ಎಂದು ತಿಳಿಯದ ಹಾಗೆ ಕೂಡಿತ್ತು.

ಅರಿಶಿನದ ಬಣ್ಣಕ್ಕೆ ಮೇಲೊಂದು ಕೈ ವಾರ್ನಿಷ್ ಹಾಕಬೇಕು. ಅತ್ತೆ ಯಾವಾಗಲೂ ಹಾಕುತ್ತಿದ್ದರು, ನನಗೂ ಗೊತ್ತಿತ್ತು. ಒಂದು ತುದಿಗೆ ಹಾಕಿ ನೋಡಿದೆ. ಬಣ್ಣ ಒಂದು ಪಟ್ಟು ಕಪ್ಪಾಯಿತು, ಹೊಂದಿಕೆ ಕೆಟ್ಟಿತು. ಆ ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಹಾಗೇ ಅಂಟಿಸಿದೆ. ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಏನೋ ಒಂದು ಸರಿಹೋಯಿತು ಅನ್ನಿಸಿತ್ತು. ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ವಾಪಸ್ಸು ಬಂದ ಅತ್ತೆ ತಟ್ಟೆಯನ್ನು ದೂರ ಹಿಡಿದು ನೋಡಿ, ಚೆನ್ನಾಗಿದೆ ಎಂದು ಕೊಟ್ಟು ಕಳಿಸಿದರು.

ಮದುವೆಯಾದ ಮೂರನೇ ದಿನ ಹುಡುಗಿಯ ಸೋದರತ್ತೆ ತಟ್ಟೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ನಾನು ಎಂದಿನಂತೆ ಅಡುಗೆಮನೆ ಸೇರಿದೆ. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಪೇಪರು ಬಿಚ್ಚಿದರು. ಲೇಸಿನ ಅಂಚಿನ ತುಂಬ ಕೆಂಪು ಬೆರಳಿನ ಗುರುತುಗಳು.

"ಏನ್ರೀ ಇದು? ರಕ್ತದ ಕೈ ಇಟ್ಟ ಹಾಗಿದೆ. ಆರತಿ ಎತ್ತಿದ ಮೇಲೆ ನೋಡ್ತೀವಿ, ಹೀಗೆ. ಗಂಡಿನ ಕಡೆಯೋರು ಮುಖ ಮುಖ ನೋಡ್ಕೊಂಡ್ರು. ಹುಡುಗಿ ಅಮ್ಮ, ನಮ್ಮತ್ತಿಗೆ, ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ."

ನನಗೆ ನೋಡಿದ ಕೂಡಲೇ ತಿಳಿಯಿತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಛತ್ರದಲ್ಲಿ ಆ ಹೆಂಗಸರೇ ಅರಿಶಿನದ ನೀರಿಗೆ ಸುಣ್ಣ ಕದಡಿ, ಆರತಿಗೆಂದು ಕೆಂಪು ಓಕುಳಿ ಮಾಡಿ, ಅದೇ ಕೈಯಲ್ಲಿ ತಟ್ಟೆಯ ಅಂಚು ಹಿಡಿದು ಎತ್ತಿದ್ದಾರೆ. ಬಟ್ಟಲಿನಲ್ಲಿ ಕೆಂಪಾದರೆ ಮಂಗಳ, ಲೇಸಿನ ಮೇಲೆ ಕೆಂಪಾದರೆ ಅಪಶಕುನ.

"ತಪ್ಪು ತಿಳ್ಕೋಬೇಡಿ," ಎಂದು ಆಕೆ ದನಿ ತಗ್ಗಿಸಿದರು. "ಇದಕ್ಕೆ ಯಾರ ಕೈ ತಾಗಿತ್ತು? ನಿಮ್ಮನೇಲಿ ನಿಮ್ಮ ಸೊಸೆ ಇದ್ದಾರಲ್ಲ..."

"ನಂದೇ ಕೈ ಕಣ್ರೀ," ಎಂದರು ಅತ್ತೆ. "ನಾನೇ ಮಾಡಿದ್ದು, ಮೊದಲಿಂದ ಕೊನೇವರೆಗೂ. ಅವಳು ಈ ಕಡೆ ತಲೆ ಹಾಕಲ್ಲ."

ಅತ್ತೆ ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು, ನನಗೆ ಗೊತ್ತು. ಆದರೂ ಆ ಮಾತು ನನ್ನನ್ನು ಚುಚ್ಚಿತು. ನಾನು ಮಾಡಿದ್ದು ಒಂದು ತಪ್ಪು. ವಾರ್ನಿಷ್ ಹಾಕದೆ ಬಿಟ್ಟದ್ದು. ಅದು ಯಾರು ಬೇಕಾದರೂ ಮಾಡಬಹುದಾದ ತಪ್ಪು. ಅತ್ತೆ ಅದನ್ನು ಮುಚ್ಚಿಟ್ಟರೆ ಅದು ತಪ್ಪಾಗಿ ಉಳಿಯುವುದಿಲ್ಲ, ನನ್ನ ಹಣೆಬರಹವಾಗಿಬಿಡುತ್ತದೆ. ಇನ್ನು ಬದುಕಿರುವಷ್ಟು ದಿನ ನನ್ನ ಕೈಯಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಒಂದೇ ಆಗುತ್ತದೆ. ನನಗೆ ಒಂದು ತಪ್ಪು ಮಾಡುವ ಹಕ್ಕೂ ಇಲ್ಲವೇ ಅನ್ನಿಸಿತು.

ಕಸದ ಡಬ್ಬಿಯ ಪಕ್ಕದ ಚೀಲದಲ್ಲಿ ತಟ್ಟೆಗೆ ಅಂಟಿಸಿ ಮಿಕ್ಕಿದ್ದ, ವಾರ್ನಿಷ್ ತಾಗದ ಲೇಸಿನ ತುಂಡು ಇತ್ತು. ಅದನ್ನು ತೆಗೆದುಕೊಂಡು ಹೊರಗೆ ಬಂದೆ. ಮಾವನ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿಕೊಂಡೆ. ಸೋದರತ್ತೆ ನನ್ನ ಬೋಳು ಹಣೆ ನೋಡಿದರು, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು.

"ಲೇಸಿಗೆ ಬಣ್ಣ ಹಾಕಿದ್ದು ನಾನು," ಎಂದೆ. "ಅರಿಶಿನದ ನೀರಲ್ಲಿ ಅದ್ದಿದ್ದೆ. ಮೇಲೆ ವಾರ್ನಿಷ್ ಹಾಕ್ಬೇಕಿತ್ತು, ಹಾಕ್ಲಿಲ್ಲ. ನಿಮ್ಮ ಕೈಯಲ್ಲಿ ಸುಣ್ಣ ಇತ್ತು. ನೋಡಿ." ಬೆರಳ ತುದಿಯ ಸುಣ್ಣವನ್ನು ತುಂಡಿಗೆ ಒತ್ತಿದೆ. ನೋಡನೋಡುತ್ತಲೇ ಕೆಂಪಾಯಿತು. "ತಪ್ಪು ನಂದು. ಕ್ಷಮಿಸಿ. ಬೇರೇನೂ ಇಲ್ಲ ಇದರಲ್ಲಿ."

ಆಕೆ ತುಂಡನ್ನು ನೋಡಿದರು, ನನ್ನನ್ನು ನೋಡಿದರು. "ಗೊತ್ತಮ್ಮಾ, ಅರಿಶಿನ ಸುಣ್ಣ ನಮಗೆ ಗೊತ್ತಿಲ್ವಾ," ಎಂದರು. "ಆದ್ರೂ..."

ಆ "ಆದ್ರೂ" ಅನ್ನು ಅಲ್ಲೇ ಬಿಟ್ಟು, ತಟ್ಟೆಯನ್ನೂ ಅಲ್ಲೇ ಬಿಟ್ಟು ಎದ್ದುಹೋದರು. ಸುದ್ದಿ ನಮ್ಮ ರಸ್ತೆ ದಾಟಲು ವಾರವೂ ಹಿಡಿಯಲಿಲ್ಲ. ಆರತಿ ತಟ್ಟೆ ಕೇಳಿಕೊಂಡು ಬರುವವರು ನಿಂತೇ ಹೋದರು. ಮುಂದೆ ನಾವಿಬ್ಬರೂ ಅಂಗಡಿಗಳಿಗೆ ಶುಭಾಶಯ ಪತ್ರ ಮಾಡಿಕೊಟ್ಟೆವು, ಅದರಲ್ಲಿ ಯಾರೂ ಯಾರ ಕೈ ಎಂದು ಕೇಳುತ್ತಿರಲಿಲ್ಲ. ಅದೆಲ್ಲ ಆಮೇಲಿನ ಮಾತು.

ಆ ದಿನ ಅತ್ತೆ ಬಾಗಿಲು ಹಾಕಿ ಬಂದರು. ಯಾಕೆ ಹೊರಗೆ ಬಂದೆ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಯೋಚಿಸುತ್ತಾ ನಿಂತಿದ್ದೆ.

"ವಾರ್ನಿಷ್ ಯಾಕೆ ಹಾಕ್ಲಿಲ್ಲ?" ಎಂದರು.

"ಹಾಕಿದ್ರೆ ಕಪ್ಪಾಗ್ತಿತ್ತು ಅತ್ತೆ. ಕಾಗದಕ್ಕೆ ಹೊಂದ್ತಿರಲಿಲ್ಲ."

"ಹಾಗಾದ್ರೆ ಮೊದಲೇ ತೆಳ್ಳಗೆ ಅದ್ದಬೇಕಿತ್ತು! ವಾರ್ನಿಷ್ ಕಪ್ಪು ಮಾಡತ್ತೆ ಅಂತ ಗೊತ್ತಾದ ಮೇಲೆ ಅಷ್ಟೂ ಹೊಳೀಲಿಲ್ವಾ? ಎರಡು ದಿನ ಕಾದು ನನ್ನ ಕೇಳೋಕೆ ಏನಾಗಿತ್ತು, ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತು ವರ್ಷದ ಕೆಲಸ ಕಣೇ ನಂದು! ಕೂತ್ಕೋ. ಅದ್ದು, ಈಗಲೇ, ನನ್ನೆದುರಿಗೆ."

ಬಟ್ಟಲು ಕುಕ್ಕಿದರು. ಅರಿಶಿನ ಸುರಿದರು. ಹೊಸ ಬಿಳಿ ಲೇಸು ನನ್ನ ಮಡಿಲಿಗೆ ಬಿತ್ತು. ನಾನು ಅದ್ದಿದೆ. ಜಾಸ್ತಿಯಾಯಿತು, ನೀರು ಬೆರೆಸು ಎಂದರು. ಬೆರೆಸಿದೆ. ಕಣ್ಣೇನು ಅಡವಿಟ್ಟಿದ್ದೀಯಾ ಎಂದರು.

ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಹೀಗೇ ಬೈಯುತ್ತಿದ್ದರು, ಸಾರಿಗೆ ಉಪ್ಪು ಜಾಸ್ತಿಯಾದರೆ, ಒಗೆದ ಬಟ್ಟೆ ಒದರದೆ ಹರವಿದರೆ. ಮಗ ಹೋದ ಮೇಲೆ ನಿಲ್ಲಿಸಿಬಿಟ್ಟಿದ್ದರು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ "ಇರಲಿ ಬಿಡಮ್ಮಾ" ಎನ್ನುತ್ತಿದ್ದರು. ಒಂದು ವರ್ಷದಿಂದ ಇಡೀ ಊರಿನಲ್ಲಿ ಒಬ್ಬರೂ ನನ್ನನ್ನು ಬೈದಿರಲಿಲ್ಲ. ಈಗ ಬೈಸಿಕೊಳ್ಳುತ್ತಾ ನನಗೆ ಅಳು ಬಂತು. ಗಂಡನನ್ನು ಎತ್ತಿಕೊಂಡು ಹೋದ ದಿನ ಬಾರದ ಅಳು. ಲೇಸನ್ನು ಮಾತ್ರ ಕೈ ಬಿಡಲಿಲ್ಲ.

ಅತ್ತೆ ನನ್ನ ಹತ್ತಿರ ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅಳೋದಾದ್ರೆ ಆ ಕಡೆ ತಿರುಗಿ ಅಳು," ಎಂದರು. "ಲೇಸಿನ ಮೇಲೆ ಹನಿ ಬಿದ್ರೆ ಕಲೆಯಾಗತ್ತೆ."