ಮಾತ್ರೆಗೊಂದು ಅಂಗಿ

ನಿಮ್ಮ ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು ನೀವು ಕೇಳಿದಾಗಲೆಲ್ಲ "ಔಷಧದ ಕಾರ್ಖಾನೆಯಲ್ಲಿ ಎಂಜಿನಿಯರ್" ಎಂದಷ್ಟೇ ಹೇಳಿ ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ. ನಾಲ್ಕು ಜನರೆದುರು ಕೂತು ಕಥೆ ಹೇಳುವುದು ನನಗೆ ಬಂದದ್ದೇ ಇಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಆಯನೂರಿನ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ತಪ್ಪು ಕಂಡರೆ ತಿದ್ದಿಕೊಳ್ಳಿ.

ನಾನು ಮದುವೆಯಾಗಿ ಭದ್ರಾವತಿಯ ಓಲ್ಡ್ ಟೌನಿನ ಮನೆಗೆ ಬಂದಾಗ ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಅವರು, ನನ್ನ ಅತ್ತೆ, ನಾನು, ಮೂರೇ ಜನ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಮಗನನ್ನು ಓದಿಸಿದ್ದರು. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್, ಆಮೇಲೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್. ಬೆಂಗಳೂರಿನಿಂದ ಅವರು ತಂದ ಆಸ್ತಿಯೆಂದರೆ ಒಂದು ದೊಡ್ಡ ಡ್ರಾಯಿಂಗ್ ಬೋರ್ಡು. ಅದರ ಮೇಲೆ ಅತ್ತೆ ಹಪ್ಪಳ ಒಣಗಿಸುತ್ತಿದ್ದರು. "ಅಷ್ಟು ವರ್ಷ ಓದಿ ತಂದ ಮಣೆ, ಇಷ್ಟಕ್ಕಾದ್ರೂ ಉಪಯೋಗ ಆಗ್ಲಿ" ಎನ್ನುತ್ತಿದ್ದರು. ಬೋರ್ಡಿನ ತುಂಬಾ ಉದ್ದಿನ ಹಿಟ್ಟಿನ ದುಂಡನೆಯ ಗುರುತುಗಳು. ಇವರು ಅದರ ಮೇಲೆಯೇ ಕಾಗದ ಹಚ್ಚಿ ಯಂತ್ರದ ಚಿತ್ರ ಬರೆಯುತ್ತಿದ್ದರು, ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

ಬೆಂಗಳೂರಿನ ಹಾಸ್ಟೆಲಿನಲ್ಲಿ ಇವರ ರೂಮಿನಲ್ಲಿದ್ದ ಸ್ನೇಹಿತನಿಗೆ ಕೊನೆಯ ವರ್ಷ ಕ್ಷಯ ಹಿಡಿಯಿತಂತೆ. ಆ ಕಾಲದಲ್ಲಿ ಅದಕ್ಕೆ ದಿನಕ್ಕೆ ಹಿಡಿ ಹಿಡಿ ಮಾತ್ರೆ, ಅದೂ ತಿಂಗಳುಗಟ್ಟಲೆ. ನುಂಗಿದ ಅರ್ಧ ಗಂಟೆಯಲ್ಲಿ ಹೊಟ್ಟೆ ಉರಿದು ವಾಂತಿಯಾಗುತ್ತಿತ್ತು. ಆ ಹುಡುಗ ನುಂಗಿದೆನೆಂದು ಎಲ್ಲರಿಗೂ ಸುಳ್ಳು ಹೇಳುತ್ತ ಬಂದ. ಅವನು ತೀರಿಹೋದ ಮೇಲೆ ಹಾಸಿಗೆ ಮಡಿಚಿದಾಗ ಅಡಿಯಲ್ಲಿ ಮಾತ್ರೆಗಳ ರಾಶಿಯೇ ಇತ್ತಂತೆ. ನನಗೆ ಇದನ್ನು ಹೇಳಿದಾಗ ಇವರು ಅಳಲಿಲ್ಲ. "ಔಷಧ ಇತ್ತು ಕಣೇ. ಅದನ್ನ ಹೊಟ್ಟೆ ದಾಟಿಸಿ ಕರುಳಿಗೆ ಮುಟ್ಟಿಸೋರು ಇರ್ಲಿಲ್ಲ. ಅದು ಡಾಕ್ಟರ ಕೆಲ್ಸ ಅಲ್ಲ, ನನ್ನಂಥೋರ ಕೆಲ್ಸ" ಎಂದರು. ಅದೇ ಯೋಚನೆ ಅವರ ತಲೆಯೊಳಗೆ ಕೂತುಬಿಟ್ಟಿತ್ತು.

ಶಿವಮೊಗ್ಗದಲ್ಲಿ ವಿದ್ಯಾನಗರದ ಕಡೆ ಒಬ್ಬ ಡಾಕ್ಟರು ಶೆಡ್ಡು ಹಾಕಿ ಸಣ್ಣದಾಗಿ ಔಷಧ ತಯಾರಿಸುತ್ತಿದ್ದರು. ಇವರು ಹೋಗಿ ತಮ್ಮ ಯೋಚನೆ ಹೇಳಿದರು. ಮಾತ್ರೆಯ ಮೇಲೆ ಮೊದಲು ಸಕ್ಕರೆಯ ಪದರ ಕೊಟ್ಟು ಅಂಚುಗಳನ್ನು ದುಂಡಗೆ ಮಾಡುವುದು, ಅದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಬಳಿಯುವುದು. ಅರಗು ಹೊಟ್ಟೆಯ ಹುಳಿಗೆ ಕರಗುವುದಿಲ್ಲ, ಕರುಳಿಗೆ ಹೋದ ಮೇಲೆ ಕರಗುತ್ತದೆ. ಹೊರದೇಶಗಳಲ್ಲಿ ಇದನ್ನು ಮಾಡುತ್ತಿದ್ದಾರೆ, ನಮ್ಮಲ್ಲೂ ಅಗ್ಗವಾಗಿ ಮಾಡಬೇಕು ಎಂದರು. ಡಾಕ್ಟರು, "ಆರು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಸಾಕೋಕಾಗಲ್ಲ ಕಣ್ರೀ" ಎಂದರಂತೆ. ಇವರು ಕಾರ್ಖಾನೆಯಲ್ಲಿ ಆರು ತಿಂಗಳ ರಜೆ ಬರೆದುಕೊಟ್ಟರು. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಮಾತ್ರೆ ಗೆಲ್ಲಬೇಕು, ಇಲ್ಲವಾದರೆ ಮರಳಿ ಕಬ್ಬಿಣಕ್ಕೆ ಹೋಗಿ ಆ ಆಸೆಯನ್ನು ಅಲ್ಲಿಗೇ ಬಿಡಬೇಕು.

"ಮಾತ್ರೆಗೆ ಅಂಗಿ ತೊಡಿಸೋಕೆ ಎಂಜಿನಿಯರಿಂಗ್ ಓದ್ಬೇಕಿತ್ತೇನೋ?" ಎಂದು ಅತ್ತೆ ಕೇಳಿದರು.

"ಅಂಗಿ ಹೊಲಿಯೋದು ಸುಲಭ ಅಮ್ಮ. ಎಲ್ಲಿ ಬಿಚ್ಚಬೇಕು ಅಂತ ಅದಕ್ಕೆ ಹೇಳಿಕೊಡೋದು ಕಷ್ಟ."

"ಥೂ! ಸೊಸೆ ಎದುರು ಆಡೋ ಮಾತಾ ಇದು!"

ನಾನು ನೀರು ತರುವ ನೆಪದಲ್ಲಿ ಹಿತ್ತಲಿಗೆ ಓಡಿದೆ.

ಆ ಕೆಲಸಕ್ಕೆ ದುಂಡನೆಯ ತಾಮ್ರದ ಪಾತ್ರೆಯೊಂದು ಓರೆಯಾಗಿ ನಿಂತು ಸುತ್ತುತ್ತಿರಬೇಕು. ಹೊಸದನ್ನು ಮಾಡಿಸಲು ಸಮಯವಿರಲಿಲ್ಲ. ಒಂದು ಭಾನುವಾರ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ಇವರು ಬಚ್ಚಲಮನೆಯ ಹಂಡೆಯನ್ನು ಕಿತ್ತು, ಕಾರ್ಖಾನೆಯ ತಮಿಳು ಮೇಸ್ತ್ರಿಯೊಬ್ಬರ ಮನೆಗೆ ಹೊತ್ತುಕೊಂಡು ಹೋದರು. ಆ ಮೇಸ್ತ್ರಿ ಅದರ ತಳಕ್ಕೆ ಕಬ್ಬಿಣದ ಅಚ್ಚು ಕೂಡಿಸಿ ಮೋಟಾರಿಗೆ ಹಚ್ಚಿಕೊಟ್ಟರು. ಅತ್ತೆ ಬಂದು ನೋಡಿದರೆ ಒಲೆಯ ಮೇಲೆ ಏನೂ ಇಲ್ಲ. ಹೊಸ ಹಂಡೆ ಕೊಳ್ಳುವವರೆಗೆ ಮೂರು ವಾರ ನಾವು ಅನ್ನದ ತಪ್ಪಲೆಯಲ್ಲಿ ಸ್ನಾನದ ನೀರು ಕಾಯಿಸಿದೆವು. ಅತ್ತೆ ಪ್ರತಿ ಚೊಂಬಿಗೂ ಮಗನ ಹೆಸರು ಹೇಳಿ ಬೈದುಕೊಂಡೇ ಮೈಮೇಲೆ ಹುಯ್ದುಕೊಳ್ಳುತ್ತಿದ್ದರು.

ಡಾಕ್ಟರ ಶೆಡ್ಡಿನಲ್ಲಿ ಹಂಡೆಯೇನೋ ಸುತ್ತಿತು. ಆದರೆ ಪಾಕ ಹಾಕಲು ಹದ ಗೊತ್ತಿರುವ ಕೈ ಬೇಕಲ್ಲ. ಡಾಕ್ಟರು ಅದಕ್ಕೆ ಒಳ್ಳೆಯ ಉಪಾಯ ಹುಡುಕಿದ್ದರು. ಶಿವಮೊಗ್ಗದಲ್ಲಿ ಸಂಕ್ರಾಂತಿ ಕಾಳು ಮಾಡುವುದರಲ್ಲಿ ಹೆಸರಾದ ಅಕ್ಕತಂಗಿಯರನ್ನು ಕೆಲಸಕ್ಕೆ ಕರೆದರು. ಸಂಕ್ರಾಂತಿ ಕಾಳು ನೀವು ಈಗ ಅಂಗಡಿಯಿಂದ ತರುತ್ತೀರಿ. ಆಗ ಮನೆಯಲ್ಲೇ ಮಾಡುತ್ತಿದ್ದೆವು. ಕೆಂಡದ ಮೇಲೆ ಹಿತ್ತಾಳೆ ತಟ್ಟೆ ಇಟ್ಟು, ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಿದ್ದರೆ ಎಳ್ಳಿನ ಮೇಲೆ ಸಕ್ಕರೆ ಪದರ ಪದರವಾಗಿ ಕೂರುತ್ತದೆ. ಮಾತ್ರೆಗೂ ಆಗಬೇಕಾದದ್ದು ಇದೇ ಅಲ್ಲವೇ? ಡಾಕ್ಟರ ಲೆಕ್ಕ ಸರಿಯಾಗಿಯೇ ಇತ್ತು.

ಆದರೂ ಮಾತ್ರೆ ಸೋಲುತ್ತಲೇ ಹೋಯಿತು. ಹೊಟ್ಟೆಯಲ್ಲಿರುವಷ್ಟೇ ಹುಳಿಯಾದ ಬೆಚ್ಚನೆಯ ನೀರಿನಲ್ಲಿ ಅದು ಎರಡು ಗಂಟೆ ತಡೆಯಬೇಕು. ಇಪ್ಪತ್ತು ನಿಮಿಷಕ್ಕೇ ಒಡೆಯುತ್ತಿತ್ತು. ಇವರು ಅರಗು ಬದಲಾಯಿಸಿದರು, ಸ್ಪಿರಿಟ್ಟು ಬದಲಾಯಿಸಿದರು, ಪಾಕವನ್ನು ಗಟ್ಟಿ ಮಾಡಿಸಿದರು. ದಸರಾ ಹೋಯಿತು, ದೀಪಾವಳಿ ಹೋಯಿತು. ಸಂಜೆ ಶಿವಮೊಗ್ಗದ ರೈಲಿನಿಂದ ಇಳಿದು ಬಂದವರು ಚಪ್ಪಲಿ ಬಿಟ್ಟ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು. ನಾನು ಕಾಫಿ ಕೊಟ್ಟರೆ ಕುಡಿದ ಲೋಟ ಕೈಯಲ್ಲಿಟ್ಟುಕೊಂಡೇ "ಕಾಫಿ ಎಲ್ಲಿ?" ಎನ್ನುತ್ತಿದ್ದರು.

ಪುಷ್ಯ ಮಾಸದ ಒಂದು ಭಾನುವಾರ ಮಧ್ಯಾಹ್ನ ಅವರ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದರೆ ಬಿಳಿಯ ಕಾಳುಗಳು, ಮೈತುಂಬಾ ಒಂದೇ ಸಮನಾದ ಚೂಪು ಮುಳ್ಳುಗಳು. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

"ಇದು ಯಾರ ಕೈಯಿಂದು ರೀ?" ಎಂದೆ.

"ಯಾವುದು?"

"ಕಾಳು. ಮುಳ್ಳು ಎಷ್ಟು ಚೆನ್ನಾಗಿ ಎಬ್ಬಿಸಿದಾರೆ ನೋಡಿ!"

ಅವರು ಹಣೆ ಹಿಡಿದುಕೊಂಡರು. "ಅದು ಕಾಳಲ್ಲ ಮಾರಾಯ್ತಿ, ಮಾತ್ರೆ! ಅರಗು ಬಳಿಯೋಕೆ ಮುಂಚಿಂದು. ಆ ಮುಳ್ಳೇ ನನ್ನ ಪ್ರಾಣ ತಿಂತಿರೋದು. ಮುಳ್ಳಿನ ತುದೀಲಿ ಅರಗು ನಿಲ್ಲಲ್ಲ, ಅಲ್ಲಿಂದಲೇ ಹುಳಿ ಒಳಗೆ ಹೋಗುತ್ತೆ. ಪುಡಿ ಸರಿ ಇಲ್ವೋ, ಗಾಳಿ ಸರಿ ಇಲ್ವೋ, ಯಾಕೆ ಏಳುತ್ತೆ ಅಂತಲೇ ಗೊತ್ತಾಗ್ತಿಲ್ಲ."

"ಅದು ತಾನಾಗಿ ಏಳಲ್ಲ ರೀ. ಎಬ್ಬಿಸ್ತಾರೆ."

ಅವರು ನನ್ನ ಮುಖ ನೋಡಿದರು. ಕಾಳಿಗೆ ಮುಳ್ಳು ಬಂದರೇನೇ ಲಕ್ಷಣ, ಅಕ್ಕತಂಗಿಯರಿಗೆ ಹೆಸರು ಬಂದದ್ದೇ ಅದರಿಂದ ಎಂದು ಬಿಡಿಸಿ ಹೇಳಬೇಕಾಯಿತು. ಪ್ರತಿ ವರ್ಷ ಬೊಗಸೆ ತುಂಬಾ ಕಾಳು ತಿಂದ ಮನುಷ್ಯ, ಅದನ್ನು ಮಾಡುವುದನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಪಾಪ, ಆ ಹೆಂಗಸರು ತಮ್ಮ ಕೈಯ ಅತ್ಯುತ್ತಮ ಕೆಲಸವನ್ನೇ ಕೊಡುತ್ತಿದ್ದರು. ಪಾಕ ಗಟ್ಟಿ ಮಾಡಿ ಎಂದು ಇವರು ಹೇಳಿದಷ್ಟೂ ಮುಳ್ಳು ಇನ್ನೂ ಚೆನ್ನಾಗಿ ಬರುತ್ತಿತ್ತು.

"ಹಾಗಾದ್ರೆ ಮುಳ್ಳೇ ಬರದ ಹಾಗೆ ಮಾಡೋದು ಹೇಗೆ?"

ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಅಯ್ಯೋ, ಅದಕ್ಕೆ ಊರೆಲ್ಲ ಯಾಕೋ ಹುಡುಕ್ತೀಯಾ! ನಿನ್ನ ಹೆಂಡ್ತೀನೇ ಕರ್ಕೊಂಡು ಹೋಗು. ಆ ವಿದ್ಯೇಲಿ ಇವಳನ್ನ ಮೀರಿಸೋರು ಓಲ್ಡ್ ಟೌನಲ್ಲೇ ಇಲ್ಲ!"

ನಿಜ. ಮದುವೆಯಾದ ಮೊದಲ ಸಂಕ್ರಾಂತಿಗೆ ನಾನು ಮಾಡಿದ ಕಾಳು ಪಚ್ಚೆಹೆಸರಿನ ಹಾಗೆ ನುಣ್ಣಗೆ ಬಂದಿತ್ತು. ಬೆಂಕಿಗೆ ಹೆದರಿ ಕೆಂಡ ಕಡಿಮೆ ಇಟ್ಟಿದ್ದೆ, ಕರಟುತ್ತದೆಂದು ಪಾಕ ತೆಳ್ಳಗೆ ಮಾಡಿದ್ದೆ, ಗಂಟಾಗುತ್ತದೆಂದು ಅಂಗೈಯಲ್ಲಿ ಉಜ್ಜುತ್ತಲೇ ಇದ್ದೆ. "ನಿನ್ನ ಕಾಳಿಗೆ ಯಾರೇ ಕ್ಷೌರ ಮಾಡಿಸಿದ್ದು?" ಎಂದು ಅತ್ತೆ ಕೇಳಿ, ಎಳ್ಳು ಬೀರಲು ಬಂದ ಹೆಂಗಸರೆಲ್ಲ ನಕ್ಕಿದ್ದರು. ಅದಾದ ಮೇಲೆ ನಾನು ತಟ್ಟೆಯ ಹತ್ತಿರ ಹೋಗಿರಲಿಲ್ಲ.

ಇವರು ನಗಲಿಲ್ಲ. "ನಾಳೆ ಬರ್ತೀಯಾ?" ಎಂದು ಕೇಳಿದರು. ಡಾಕ್ಟರು ಗೊತ್ತು ಮಾಡಿದ್ದ ಕೊನೆಯ ಪರೀಕ್ಷೆಗೆ ಇನ್ನು ಎರಡು ವಾರ ಉಳಿದಿತ್ತು. ಬರುತ್ತೇನೆ ಎಂದೆ.

ಶೆಡ್ಡಿನಲ್ಲಿ ನಾನು ಮೊದಲ ಒಂದು ಗಂಟೆ ಬಾಗಿಲ ಹಿಂದೆಯೇ ನಿಂತಿದ್ದೆ. ಅಕ್ಕತಂಗಿಯರಲ್ಲಿ ದೊಡ್ಡವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಬೋಳು ಕಾಳು ಮಾಡೋದು ಕಲಿಸೋಕೆ ಬಂದಿರೋರು ಇವರೇನಾ? ನಮ್ಮನೇಲಿ ಹೀಗೆ ಮಾಡಿದ್ರೆ ಹುಡುಗೀಗೆ ಮದುವೇನೇ ಆಗ್ತಿರ್ಲಿಲ್ಲ" ಎಂದರು.

"ನಮ್ಮನೇಲಿ ಮದುವೆ ಆದ್ಮೇಲೆ ಗೊತ್ತಾಗಿದ್ದು" ಎಂದೆ ಮೆಲ್ಲಗೆ. ಅವರು ಗೊಳ್ಳೆಂದು ನಕ್ಕು ನನಗೆ ಹಂಡೆಯ ಪಕ್ಕ ಜಾಗ ಬಿಟ್ಟರು.

ಮೊದಲ ದಿನ ಎಲ್ಲ ಅಂಟಿಕೊಂಡು ಹಂಡೆಯೊಳಗೆ ಒಂದೇ ಉಂಡೆಯಾಯಿತು. ಇವರು ಗಡಿಯಾರ ನೋಡಿಕೊಂಡು ಇಷ್ಟು ನಿಮಿಷಕ್ಕೆ ಇಷ್ಟು ಪಾಕ ಎಂದು ಹೇಳುತ್ತಿದ್ದರು. ಎರಡನೆಯ ದಿನ ನಾನು, "ಕೈ ಹಾಕ್ಲಾ?" ಎಂದೆ. ಸುತ್ತುವ ಹಂಡೆಯೊಳಗೆ ಕೈ ಹಾಕುವುದೆಂದರೆ ಅವರಿಗೆ ಗಾಬರಿ. ಮೇಸ್ತ್ರಿಯನ್ನು ಕರೆಸಿ ಹಂಡೆಯ ವೇಗ ಇಳಿಸಿದರು. ಆಮೇಲೆ ನಾನು ಕೈಯಾಡಿಸುತ್ತ, ಅಂಗೈಗೆ ಪಸೆ ತಾಗುತ್ತಿರುವಷ್ಟು ಹೊತ್ತು ಪಾಕ ಬೇಡವೆಂದೆ, ಪಸೆ ಹೋಗಿ ಜಾರತೊಡಗಿದಾಗ ಹಾಕಿ ಎಂದೆ. ಅವರು ನನ್ನ ಪಕ್ಕ ನಿಂತು, ನಾನು ಹಾಕಿ ಎಂದಾಗಲೆಲ್ಲ ಗಡಿಯಾರ ನೋಡಿ ಬರೆದುಕೊಂಡರು. ಮೂರು ದಿನ ಹೀಗೆಯೇ. ಅಕ್ಕತಂಗಿಯರು ನನಗಿಂತ ಬೇಗ ಕಲಿತರು. ಕೈ ಒಳ್ಳೆಯದಿದ್ದವರಿಗೆ ಕೆಟ್ಟದಾಗಿ ಮಾಡುವುದೂ ಚೆನ್ನಾಗಿ ಬರುತ್ತದೆ.

ಪರೀಕ್ಷೆಯ ದಿನ ಡಾಕ್ಟರು ಆರು ಮಾತ್ರೆಗಳನ್ನು ತಾವೇ ಆರಿಸಿ, ಆರು ತೆಳು ಬಟ್ಟೆಯ ಚೀಲಗಳಲ್ಲಿ ಕಟ್ಟಿ, ಹುಳಿನೀರಿನ ಗಾಜಿನ ಪಾತ್ರೆಗಳಿಗೆ ಇಳಿಬಿಟ್ಟರು. ಎರಡು ಗಂಟೆ ಯಾರೂ ಕೂರಲಿಲ್ಲ. ಒಂದೂ ಒಡೆಯಲಿಲ್ಲ. ಇವರ ಬೆನ್ನಿನ ಅಂಗಿ ಬೆವರಿಗೆ ಅಂಟಿದ್ದು ನನಗೆ ಬಾಗಿಲಿನಿಂದ ಕಾಣುತ್ತಿತ್ತು. ಆಮೇಲೆ ಕರುಳಿನ ಬದಲು ಸೋಡಾ ಬೆರೆಸಿದ ನೀರು. ಅದರಲ್ಲಿ ಒಂದು ಗಂಟೆಯೊಳಗೆ ಒಡೆಯಬೇಕು. ಒಂದೊಂದೇ ಪಾತ್ರೆಯ ನೀರು ಬೆಳ್ಳಗಾಗುತ್ತ ಬಂತು. ಐದು ಒಡೆದವು. ಆರನೆಯದು ಗಂಟೆ ಕಳೆದರೂ ಕಲ್ಲಿನ ಹಾಗೆ ಕೂತಿತ್ತು.

"ಇದ್ಯಾಕ್ರೀ ಹಠ ಮಾಡ್ತಿದೆ?" ಎಂದರು ಡಾಕ್ಟರು.

ಏನಾದರೊಂದು ಸಮಾಧಾನ ಹೇಳಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇವರು, "ಗೊತ್ತಿಲ್ಲ ಸಾರ್" ಎಂದರು.

"ಗೊತ್ತು ಮಾಡ್ಕೊಳ್ಳೋಕೆ ಎಷ್ಟು ದಿನ ಬೇಕು?"

"ಒಂದು ವರ್ಷವೂ ಆಗಬಹುದು ಸಾರ್."

ಡಾಕ್ಟರು ಆ ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಸರಿ. ಹಾಗಾದ್ರೆ ಒಂದು ವರ್ಷ ಇರಿ. ಆಮೇಲಿಂದು ನಾನೂ ಹೇಳೋಕಾಗಲ್ಲ."

ಆ ಒಂದು ಮಾತ್ರೆಯ ಹಿಂದೆ ಇವರು ಮೂರು ವರ್ಷ ಹೋದರು. ಆದರೆ ಅಂದು ನಮಗೆ ಗೊತ್ತಿದ್ದದ್ದು ಇಷ್ಟೇ. ಒಂದು ಕಡೆ ಪರ್ಮನೆಂಟ್ ನೌಕರಿ, ಇನ್ನೊಂದು ಕಡೆ ಒಂದು ವರ್ಷದ ಮಾತು. ಅತ್ತೆ ಎರಡು ದಿನ ಮಗನಿಗೆ ಬಡಿಸುವ ಕೆಲಸವನ್ನು ನನಗೇ ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ತಾವೇ ಮಗನ ತಟ್ಟೆಗೆ ತುಪ್ಪ ಹಾಕುತ್ತ, "ಹಾಸಿಗೆ ಕೆಳಗೆ ಮಾತ್ರೆ ಇಟ್ಟಿದ್ದ ಹುಡುಗ, ಅವನ ತಾಯಿ ಇದಾಳೇನೋ?" ಎಂದು ಕೇಳಿದರು. ಇದ್ದಾರೆ ಎಂದರು ಇವರು. "ಹಾಗಾದ್ರೆ ಮಾಡು" ಎಂದರು ಅತ್ತೆ.

ಇವರು ರಾಜೀನಾಮೆ ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ಪೋಸ್ಟಿನ ಡಬ್ಬಿಯವರೆಗೆ ಹೋಗಿ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸು ಬಂದರು. ಮತ್ತೊಮ್ಮೆ ಹೋದರು, ಮತ್ತೆ ಬಂದರು. ಚಪ್ಪಲಿ ಬಿಟ್ಟು ನನ್ನ ಕಡೆ ಲಕೋಟೆ ಚಾಚಿ, "ನೀನು ಹಾಕಿ ಬರ್ತೀಯೇನೇ?" ಎಂದರು. ಅಲ್ಲಿಯವರೆಗೆ ನಾನು ಅತ್ತೆಯಿಲ್ಲದೆ ನಮ್ಮ ಬೀದಿ ದಾಟಿದವಳಲ್ಲ. ಸೆರಗು ಹೊದ್ದು, ಲಕೋಟೆಯನ್ನು ಎದೆಗೆ ಹಿಡಿದುಕೊಂಡು ಹೊರಟೆ. ಪೇಟೆಯ ಬೀದಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಡಬ್ಬಿಯ ಬಾಯಿಗೆ ಲಕೋಟೆ ಹಾಕಿ ಕೈ ಬಿಟ್ಟೆ. ತಿರುಗಿದರೆ ಹತ್ತು ಮಾರು ಹಿಂದೆ, ಒಂದು ಅಂಗಡಿಯ ಮರೆಯಲ್ಲಿ, ಇವರು ನಿಂತಿದ್ದಾರೆ.

"ಹಾಕಿದ್ಯಾ?"

"ಹಾಕ್ದೆ."

"ಪೂರ್ತಿ ಒಳಗೆ ಹೋಯ್ತಾ? ಬಾಯಲ್ಲಿ ಸಿಕ್ಕಿಕೊಂಡಿಲ್ಲ ತಾನೇ?"

ನಾನು ಹಿಂದಿರುಗಿ ಹೋಗಿ ಡಬ್ಬಿಯ ಬಾಯೊಳಗೆ ಕೈಯಾಡಿಸಿ ನೋಡಿದೆ. ಖಾಲಿಯಿತ್ತು. "ಹೋಗಿದೆ ರೀ" ಎಂದು ಬೀದಿಯ ಮಧ್ಯದಿಂದಲೇ ಕೂಗಿ ಹೇಳಿದೆ.