ಇಬ್ಬರು ಹಿಡಿಯಬೇಕಾದ ಬೆಂಚು

ಸೂರ್ಯ ಇನ್ನೂ ಎದುರು ಬ್ಲಾಕಿನ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಹೊಸದಾಗಿ ಕಟ್ಟಿದ ಮೂರು ಬಹುಮಹಡಿ ಕಟ್ಟಡಗಳ ನಡುವಿನ ಅಂಗಳದಲ್ಲಿ ಒಬ್ಬರು ಒಂದು ಬೆಂಚಿನ ಸುತ್ತ ಓಡಾಡುತ್ತಿದ್ದಾರೆ. ದೂರ ನಿಂತು ನೋಡುತ್ತಾರೆ. ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು ಬೆಂಚಿನ ಕಾಲಿನ ಬುಡ ಪರೀಕ್ಷಿಸುತ್ತಾರೆ. ಹಲಗೆಯ ಮೇಲೆ ಅಂಗೈ ಎಳೆಯುತ್ತಾರೆ. ಅಂಗೈ ತುಂಬ ಇಬ್ಬನಿ. ಅಂಟಿಕೊಂಡಿದ್ದ ಒಂದು ಹಳದಿ ಎಲೆಯನ್ನು ತೋರಿಸಿ, "ಇದು ನಿನ್ನೇನೂ ಇಲ್ಲೇ ಇತ್ತು" ಎನ್ನುತ್ತಾರೆ. ಕಳ್ಳತನವಾದ ಮನೆಗೆ ಬಂದ ಪೊಲೀಸರ ಗತ್ತು. ಆದರೆ ಇಲ್ಲಿ ಏನೂ ಕಳುವಾಗಿಲ್ಲ. ಅವರ ದೂರೇ ಅದು.

"ಇಟ್ಟಲ್ಲೇ ಇದೆ ನೋಡಿ. ವಾರ ಆಯ್ತು. ಒಂದು ಗೇಣೂ ಅಲ್ಲಾಡಿಲ್ಲ."

ಇವರು ಬೆಂಚಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ನಗರಪಾಲಿಕೆಯಲ್ಲಿ ಇವರ ಕೆಲಸ, ಸಾರ್ವಜನಿಕರು ಕೂರುವ ಬೆಂಚುಗಳನ್ನು ನೆಲಕ್ಕೆ ಕೂರಿಸುವುದು. ಬಸ್ ನಿಲ್ದಾಣ, ಆಸ್ಪತ್ರೆ, ಉದ್ಯಾನ, ಕಚೇರಿಯ ಹೊರಗಿನ ನೆರಳು: ಈ ನಗರದಲ್ಲಿ ನೀವು ಎಲ್ಲೇ ಕಾಲು ನೋವೆಂದು ಕೂತಿದ್ದರೂ ಅಡಿಯ ಬೋಲ್ಟು ಬಿಗಿದದ್ದು ಇವರೇ ಆಗಿರುವ ಸಾಧ್ಯತೆ ಹೆಚ್ಚು. ಕೂತವರು ಯಾರೂ ಬಗ್ಗಿ ಬೋಲ್ಟು ನೋಡುವುದಿಲ್ಲವಾದ್ದರಿಂದ ಇವರ ಕೀರ್ತಿ ಹಲಗೆಯಿಂದ ಮೇಲಕ್ಕೆ ಬಂದಿಲ್ಲ.

ಬೋಲ್ಟು ಬಿಗಿಯುವುದಕ್ಕೆ ಮುಂಚೆ ಬೆಂಚಣ್ಣನದು ಒಂದು ವಿಚಿತ್ರ ಪದ್ಧತಿ. ನಕ್ಷೆಯಲ್ಲಿ ಗುರುತು ಹಾಕಿದ ಜಾಗದಲ್ಲಿ ಬೆಂಚನ್ನು ಇಟ್ಟು, ಹಾಗೇ ಬಿಟ್ಟು ಹೋಗುತ್ತಾರೆ. ಒಂದು ವಾರ, ಕೆಲವೊಮ್ಮೆ ಹತ್ತು ದಿನ. ದಿನಾ ಬೆಳಗ್ಗೆ ಬಂದು, ಅದು ಎಲ್ಲಿಗೆ ಹೋಗಿದೆ ಎಂದು ನೋಡುತ್ತಾರೆ. ಎಲ್ಲಿ ಬಂದು ಅದು ಓಡಾಟ ನಿಲ್ಲಿಸುತ್ತದೋ ಅಲ್ಲಿ ಬೋಲ್ಟು.

ಇದು ಶುರುವಾದದ್ದು ಬೋಲ್ಟುಗಳು ಸಮಯಕ್ಕೆ ಬಾರದೆ. "ಆಸ್ಪತ್ರೆ ಮುಂದೆ ಹೂವಿನ ತೋಟದ ಕಡೆ ಮುಖ ಮಾಡಿ ಇಟ್ಟಿದ್ದೆ. ಮಾರನೇ ದಿನ ನೋಡಿದ್ರೆ ತೋಟಕ್ಕೆ ಬೆನ್ನು ಹಾಕಿದೆ! ಯಾವನೋ ತಲೆಹರಟೆ ಅಂತ ತಿರುಗಿಸಿ ಇಟ್ಟೆ. ಮತ್ತೆ ತಿರುಗಿತ್ತು. ನಾನೂ ಬಿಡ್ಲಿಲ್ಲ, ಅವರೂ ಬಿಡ್ಲಿಲ್ಲ. ಕೊನೆಗೆ ಒಂದಿನ ಸುಸ್ತಾಗಿ, ಅವರು ತಿರುಗಿಸಿಟ್ಟ ಹಾಗೇ ಕೂತೆ. ಎದುರಿಗೇ ವಾರ್ಡಿನ ಬಾಗಿಲು. ಒಳಗೆ ಮನೆಯವರನ್ನ ಮಲಗಿಸಿ ಬಂದೋರು ಹೂವು ನೋಡ್ತಾ ಕೂರ್ತಾರಾ? ಥೂ, ನನ್ನ ಬುದ್ಧಿಗಿಷ್ಟು ಅಂದ್ಕೊಂಡೆ."

ಅಲ್ಲಿಂದ ಮುಂದೆ ಇವರು ಬೆಂಚುಗಳ ಬಾಲ ಹಿಡಿದಿದ್ದಾರೆ. ಕೆರೆಯ ದಂಡೆಯ ಬೆಂಚು ನೀರಿಗೆ ಬೆನ್ನು ಹಾಕಿ, ಬೆಳಗಿನ ಓಟಗಾರರ ಕಡೆ ತಿರುಗಿತು. ("ನೀರು ದಿನಾ ಅದೇ ನೀರು. ಓಡೋರು ದಿನಾ ಬೇರೆ.") ಒಂದು ಉದ್ಯಾನದಲ್ಲಂತೂ ಬೆಂಚು ಸಂಜೆ ಪೊದೆಯ ಹಿಂದೆ ಹೋಗುತ್ತಿತ್ತು, ಬೆಳಗ್ಗೆ ಬಿಸಿಲಿಗೆ ಬರುತ್ತಿತ್ತು. ಪ್ರೇಮಿಗಳ ಪಕ್ಷ ಒಂದು ಕಡೆ, ನಿವೃತ್ತರ ಪಕ್ಷ ಇನ್ನೊಂದು ಕಡೆ. ಇಬ್ಬರಿಗೂ ಒಂದೊಂದು ಬೆಂಚು ಕೊಟ್ಟು ರಾಜಿ ಮಾಡಿಸಬೇಕಾಯಿತು.

ಜನ ಎಲ್ಲಿಗೆ ಒಯ್ಯುತ್ತಾರೆ ಎಂದು ಬೆಂಚಣ್ಣ ಪ್ರತಿ ಸಲ ಮೊದಲೇ ಊಹಿಸುತ್ತಾರೆ. ಜೊತೆಗಿರುವ ವೆಲ್ಡರ್‌ನೊಂದಿಗೆ ಒಂದು ಟೀ ಪಂದ್ಯ. ಇಷ್ಟು ವರ್ಷವಾದರೂ ಊಹೆ ಸರಿಯಾದದ್ದಿಲ್ಲ. "ಅಣ್ಣನ ಟೀಯಲ್ಲೇ ನಾನು ಬೆಳೆದದ್ದು," ಎಂದು ಹೊಟ್ಟೆ ತಟ್ಟಿಕೊಳ್ಳುತ್ತಾರೆ ವೆಲ್ಡರ್.

ಈ ಬೆಂಚುಗಳು ಭಾರ. ಕಬ್ಬಿಣದ ಕಾಲು, ದಪ್ಪ ಹಲಗೆ. ಒಬ್ಬರೇ ಎಳೆದರೆ ಒಂದು ತುದಿ ಬರುತ್ತದೆ, ಇನ್ನೊಂದು ಮುನಿಸಿಕೊಂಡು ಅಲ್ಲೇ ನಿಲ್ಲುತ್ತದೆ. ನಡುವೆ ಒಮ್ಮೆ ಪಾಲಿಕೆ ಹಗುರವಾದ ಅಲ್ಯೂಮಿನಿಯಂ ಬೆಂಚು ತರಿಸಿತ್ತು. ಅವು ಬೀದಿನಾಯಿಗಳ ಹಾಗೆ ಊರೆಲ್ಲ ಅಲೆದವು. ಒಂದಂತೂ ಬೇಕರಿಯೊಂದರ ತಾರಸಿಯ ಮೇಲೆ ಸಿಕ್ಕಿತು. ಬೆಂಚಣ್ಣ ಹಟ ಹಿಡಿದು ಹಳೆಯ ಭಾರದ ಬೆಂಚನ್ನೇ ವಾಪಸು ತರಿಸಿದರು. ಅವರ ಇಡೀ ಶಾಸ್ತ್ರ ನಿಂತಿರುವುದು ಆ ತೂಕದ ಮೇಲೆ.

"ಒಬ್ಬರಿಂದ ಆಗಬಾರದು. 'ಸ್ವಲ್ಪ ಆ ಕಡೆ ಹಿಡೀರಿ' ಅಂತ ಇನ್ನೊಬ್ಬರನ್ನ ಕೇಳ್ಬೇಕು. ಹಿಡಿದ ಮೇಲೆ ಎಲ್ಲಿಗೆ ಅಂತ ಮಾತಾಡ್ಬೇಕು. ಬೆಂಚು ಜರುಗಿದೆ ಅಂದ್ರೆ ಅಲ್ಲಿ ಇಬ್ಬರಿಗೆ ಪರಿಚಯ ಆಗಿದೆ ಅಂತ. ಅಷ್ಟಾದ್ರೆ ಆ ಜಾಗದ ಚಿಂತೆ ನಂಗಿಲ್ಲ."

ಈಗ ಗೊತ್ತಾಗಿರಬೇಕು, ಇಟ್ಟಲ್ಲೇ ಇರುವ ಬೆಂಚು ಇವರ ನಿದ್ದೆ ಕೆಡಿಸಿರುವುದು ಯಾಕೆಂದು. ರಸ್ತೆ ಅಗಲ ಮಾಡಲು ಕೆಡವಿದ ಮೂರು ಗಲ್ಲಿಗಳ ಜನರಿಗೆ ಈ ಕಟ್ಟಡಗಳಲ್ಲಿ ಮನೆ ಕೊಟ್ಟಿದ್ದಾರೆ. ಮನೆ ಹಂಚಿದ್ದು ಚೀಟಿ ಎತ್ತಿ. ಒಂದೇ ಗೋಡೆಯ ಆಚೆ ಈಚೆ ಬದುಕಿದವರು ಈಗ ಒಬ್ಬರು ಈ ಬ್ಲಾಕಿನ ಎರಡನೇ ಮಹಡಿಯಲ್ಲಿ, ಇನ್ನೊಬ್ಬರು ಆ ಬ್ಲಾಕಿನ ಒಂಬತ್ತನೆಯದರಲ್ಲಿ. ನಲ್ಲಿ ಹೊಸದು, ಗಾಳಿ ಬೆಳಕು ಧಾರಾಳ. ಆದರೆ ಸಂಜೆಯಾದರೆ ಅಂಗಳ ಖಾಲಿ. ಎಲ್ಲರೂ ಒಬ್ಬರಿಗೊಬ್ಬರು ಗುರುತಿಲ್ಲದ ರೈಲು ಪ್ರಯಾಣಿಕರ ಹಾಗೆ ಬಾಗಿಲು ಹಾಕಿಕೊಂಡು ಒಳಗಿದ್ದಾರೆ.

ಏಳನೇ ಮಹಡಿಯಲ್ಲಿ ಒಬ್ಬರೇ ಇರುವವರು ಬೆಂಚಣ್ಣನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವರು. ಹಳೆಯ ಗಲ್ಲಿಯಲ್ಲಿ ಮನೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಅಂಚು ಮಡಿಸಿ ಹೊಲಿಯುವುದು ಅವರ ಕಸುಬು. ಈಗ ಹೊಲಿಗೆ ಯಂತ್ರದ ಮುಚ್ಚಳ ತೆಗೆದಿಲ್ಲ. ಅದರ ಮೇಲೆ ಟೀವಿ ರಿಮೋಟು.

"ಕಿಟಕೀಲಿ ಬಗ್ಗಿದ್ರೆ ಎಲ್ಲರ ನೆತ್ತಿ ಕಾಣುತ್ತೆ," ಎನ್ನುತ್ತಾರೆ ಅಕ್ಕ. "ನೆತ್ತಿ ನೋಡಿ ಯಾರನ್ನ ಅಂತ ಮಾತಾಡಿಸ್ಲಿ? ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ರೆ ಗಲ್ಲಿಗೆ ಬರೋರು ಹೋಗೋರು ಎಲ್ಲಾ ನನ್ನ ಮುಂದೇನೇ ಹಾದು ಹೋಗ್ಬೇಕಿತ್ತು. ಯಾರ ಷರ್ಟಿನ ತೋಳು ಉದ್ದ, ಯಾರ ಮನೇಲಿ ಮುನಿಸು, ಕೂತಲ್ಲೇ ಗೊತ್ತಾಗ್ತಿತ್ತು."

"ಕೆಳಗೆ ಬೆಂಚು ಇಟ್ಟಿದೀನಲ್ಲ ಅಕ್ಕ. ನಿನ್ನ ಕಿಟಕಿ ಕೆಳಗೇ, ಮರದ ನೆರಳಲ್ಲಿ."

"ಹೂಂ, ನೋಡಿದೆ. ಒಂಟಿಯಾಗಿ ಬಿದ್ದಿದೆ, ನನ್ನ ಹಾಗೆ. ಇಬ್ಬರು ಒಂಟಿಗಳು ಕೂತು ಏನ್ ಮಾಡೋಣ? ಆ ರೂಮಿನ ಕಥೆ ಏನಾಯ್ತೋ?"

ರೂಮಿನ ಕಥೆ ಇಷ್ಟು. ಇಲ್ಲಿರಲಾರೆ, ಹಳೆ ಗಲ್ಲಿಯ ಹತ್ತಿರ ಒಂದು ಬಾಡಿಗೆ ರೂಮು ನೋಡು ಎಂದು ಅಕ್ಕ ಪಟ್ಟು ಹಿಡಿದಿದ್ದಾರೆ. ತಮ್ಮ ಹುಡುಕಿದ್ದಾರೆ: ಲಾಂಡ್ರಿಯ ಹಿಂಭಾಗ, ಕಿಟಕಿಯಿಲ್ಲ, ಗೋಡೆಗೆ ತೇವ. ಸೋಮವಾರದೊಳಗೆ ಹೇಳಿ ಎಂದಿದ್ದಾರೆ ಮಾಲೀಕರು. ಇಲ್ಲಿಯ ಮನೆ ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ. "ಅವಳ ಮಂಡಿಗೆ ಆ ತೇವ ಆಗಲ್ಲ," ಎನ್ನುತ್ತಾರೆ ಬೆಂಚಣ್ಣ, ಲಿಫ್ಟಿನಲ್ಲಿ ಇಳಿಯುವಾಗ. "ಆದ್ರೆ ಅವಳಿಗೆ ಹೇಳೋಕೆ ನಾನ್ಯಾರು? ತಮ್ಮ ಇಟ್ಟ ಬೆಂಚು ಅಂತಾದ್ರೂ ಇಳೀತಾಳೆ ಅಂದ್ಕೊಂಡಿದ್ದೆ."

ಅದೇ ಸೋಮವಾರ ಪಾಲಿಕೆಯ ದೊಡ್ಡ ಸಾಹೇಬರು ಇಲ್ಲಿಗೆ ಬರುವವರಿದ್ದಾರೆ. ಬೆಂಚಣ್ಣನ ಪದ್ಧತಿಗೆ ಇಷ್ಟು ದಿನ ಆಸರೆಯಾಗಿ ನಿಂತಿರುವ ಎಂಜಿನಿಯರ್ ಮೇಡಂ ಶನಿವಾರವೇ ಬಂದು ಹೇಳಿದರು: "ಈ ಸಲ ಆಗಲ್ಲ ಬೆಂಚಣ್ಣ. ನಕ್ಷೆಯಲ್ಲಿ ಇದ್ದಲ್ಲೇ ಬೋಲ್ಟ್ ಹಾಕ್ಬಿಡಿ. ಹೇಗೂ ಅದು ಜರುಗಿಲ್ಲವಲ್ಲ, ನಿಮಗೂ ಸುಲಭ." ವೆಲ್ಡರ್ ಬೇರೆ ಟೀ ಲೋಟ ಹಿಡಿದು ಬಂದರು. "ತಗೊಳ್ಳಣ್ಣ. ಈ ಸಲ ಅಕ್ಕನ ಕಿಟಕಿ ಕೆಳಗಿಂದ ಕದಲಲ್ಲ ಅಂದಿದ್ದೆಯಲ್ಲ, ಕೊನೆಗೂ ನೀನು ಹೇಳಿದ ಜಾಗದಲ್ಲೇ ನಿಂತಿದೆ. ಗೆದ್ದೆ!" ಬೆಂಚಣ್ಣ ಲೋಟ ಮುಟ್ಟಲಿಲ್ಲ. ಗೆದ್ದವರ ಮುಖ ಅಷ್ಟು ಬಾಡಿರುವುದು ಅಪರೂಪ.

ಸೋಮವಾರ ಬೆಳಗಾಗುತ್ತಿದೆ. ಡ್ರಿಲ್ಲಿಂಗ್ ಮೆಷಿನ್ನು, ಸ್ಪ್ಯಾನರ್ ಚೀಲ ಹೊತ್ತು ಬಂದ ಬೆಂಚಣ್ಣ ಮರದ ಕೆಳಗೆ ನಿಂತುಬಿಟ್ಟಿದ್ದಾರೆ. ಬೆಂಚಿಲ್ಲ. ಹಸಿ ಮಣ್ಣಿನಲ್ಲಿ ಕಾಲುಗಳ ಗುಳಿ, ಅಲ್ಲಿಂದ ಎಳೆದ ಗೆರೆ. ಗೆರೆ ಹಿಡಿದು ಹೊರಡುತ್ತಾರೆ. ಅದು ಕಾಂಪೌಂಡಿನ ಕಡೆ ಹೋಗಿಲ್ಲ, ಗೇಟಿನ ಕಡೆಯೂ ಹೋಗಿಲ್ಲ. ಕಾಲ್ದಾರಿ ದಾಟಿ, ಎರಡು ಮೆಟ್ಟಿಲು ಹತ್ತಿ, ಕಟ್ಟಡದ ಒಳಗೇ ಹೋಗಿದೆ.

ಒಳಗೆ, ಲಿಫ್ಟಿನ ಬಾಗಿಲಿಗೆ ಎದುರಾಗಿ ಬೆಂಚು. ಅದರ ಮೇಲೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಅಕ್ಕ. ಪಕ್ಕದಲ್ಲಿ, ಎರಡನೇ ಮಹಡಿಯ ನರ್ಸಮ್ಮ.

"ಬಂದೆಯಾ? ಏನು ಭಾರ ಕಣೋ ನಿನ್ನ ಬೆಂಚು!" ಎಂದು ಅಕ್ಕ ಶುರು ಮಾಡುತ್ತಾರೆ. "ಸೊಂಟ ಮುರಿದು ಕೈಗೆ ಬಂತು."

ನಿನ್ನೆ ಸಂಜೆ ಲಿಫ್ಟು ಕೆಟ್ಟಿದೆ. ಅಂಗಡಿಗೆ ಹೋಗಿ ಚೀಲ ಹೊತ್ತು ಬಂದ ಅಕ್ಕನಿಗೆ ಏಳು ಮಹಡಿ ಹತ್ತುವ ತ್ರಾಣವಿಲ್ಲ. ಎರಡೇ ಮಹಡಿಯಾದರೂ, ಕೆಲಸ ಮುಗಿಸಿ ಬಂದ ನರ್ಸಮ್ಮನ ಕಾಲಿಗೂ ಅದೇ ಸ್ಥಿತಿ.

"ಇವರೇ ಕೇಳಿದ್ದು," ಎನ್ನುತ್ತಾರೆ ನರ್ಸಮ್ಮ. "'ಹೊರಗೆ ನನ್ನ ತಮ್ಮನ ಬೆಂಚು ದಂಡಕ್ಕೆ ಬಿದ್ದಿದೆ, ಸ್ವಲ್ಪ ಆ ಕಡೆ ಹಿಡೀತೀರಾ' ಅಂತ. ಮೆಟ್ಟಿಲ ಹತ್ರ ಇನ್ನಿಬ್ಬರು ಸೇರಿಕೊಂಡ್ರು. ರಿಪೇರಿಯವನು ಬರೋ ಹೊತ್ತಿಗೆ ಅರ್ಧ ಕಟ್ಟಡ ಇಲ್ಲೇ ಇತ್ತು. ಲಿಫ್ಟು ಸರಿಯಾದ ಮೇಲೂ ಯಾರೂ ಏಳ್ಲಿಲ್ಲ."

"ಆಮೇಲೆ ಹೊರಗೆ ಯಾಕೆ ಇಡ್ಲಿಲ್ಲ?" ಎಂದು ಬೆಂಚಣ್ಣ ಕೇಳುತ್ತಾರೆ.

"ಪೆದ್ದ, ಹೊರಗೆ ಯಾರು ಬರ್ತಾರೋ?" ಅಕ್ಕ ಲಿಫ್ಟಿನ ಕಡೆ ಗದ್ದ ಎತ್ತುತ್ತಾರೆ. "ಈ ಬಾಗಿಲಲ್ಲೇ ಎಲ್ಲಾ ಬರೋದು, ಇಲ್ಲೇ ಹೋಗೋದು."

ಲಿಫ್ಟು ತೆರೆಯುತ್ತದೆ. ನಾಲ್ಕನೇ ಮಹಡಿಯ ಸೆಕ್ಯುರಿಟಿ ಕೆಲಸದವರು ಮಡಿಸಿದ ಪ್ಯಾಂಟು ಹಿಡಿದು ಹೊರಬರುತ್ತಾರೆ. ಎರಡು ಬೆರಳು ಗಿಡ್ಡ ಮಾಡಬೇಕಂತೆ, ಮಧ್ಯಾಹ್ನದ ಡ್ಯೂಟಿಗೆ ಬೇಕಂತೆ. "ಮೊನ್ನೆ ತನಕ ಇವರ ನೆತ್ತಿ ಮಾತ್ರ ನೋಡಿದ್ದೆ," ಎಂದು ಅಕ್ಕ ಪರಿಚಯ ಮಾಡಿಕೊಡುತ್ತಾರೆ. "ಮುಖ ಪರವಾಗಿಲ್ಲ."

ಅಷ್ಟರಲ್ಲಿ ಎಂಜಿನಿಯರ್ ಮೇಡಂ ಬರುತ್ತಾರೆ. ಬೆಂಚು ನೋಡುತ್ತಾರೆ, ಟೈಲ್ಸ್ ನೋಡುತ್ತಾರೆ, ಹಣೆ ಒತ್ತಿಕೊಳ್ಳುತ್ತಾರೆ. "ಬೆಂಚಣ್ಣ, ಹೊರಗಿದ್ರೆ ಅದು ಬೆಂಚು. ಒಳಗೆ ಬಂದ್ರೆ ಫರ್ನಿಚರ್. ಅದು ಬೇರೆ ಸೆಕ್ಷನ್. ಅಲ್ಲದೆ ಇಲ್ಲಿ ಡ್ರಿಲ್ ಇಟ್ರೆ ಟೈಲ್ಸ್ ಸೀಳಿ ಹೋಗುತ್ತೆ."

"ವಾಪಸು ಹೊರಗೆ ಇಡಿಸ್ಲಾ ಮೇಡಂ?" ಬೆಂಚಣ್ಣನ ದನಿ ಇಷ್ಟೇ ಇಷ್ಟು.

ಯೋಚಿಸಲೆಂದು ಮೇಡಂ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಲಿಫ್ಟಿನಿಂದ ಇಳಿದ ಹೆಂಗಸೊಬ್ಬರು, "ನೀವು ಯಾವ ಫ್ಲೋರು? ನೋಡೇ ಇಲ್ವಲ್ಲ!" ಎಂದು ವಿಚಾರಿಸಿ ಹೋಗುತ್ತಾರೆ. ಮೇಡಂಗೆ ನಗು ತಡೆಯಲಾಗುವುದಿಲ್ಲ. ಗೋದಾಮಿಗೆ ಫೋನು ಮಾಡಿ, ಇನ್ನೊಂದು ಬೆಂಚು ತಂದು ಮರದ ಕೆಳಗೆ ಹಾಕಲು ಹೇಳುತ್ತಾರೆ. ಅದು ಸಾಹೇಬರಿಗೆ.

"ಮತ್ತೆ ಈ ಬೆಂಚು?"

"ಯಾವ ಬೆಂಚು?" ಎನ್ನುತ್ತಾರೆ ಮೇಡಂ, ಅದರ ಮೇಲೇ ಕೂತು. "ನಂಗೇನೂ ಕಾಣಿಸ್ತಿಲ್ಲಪ್ಪ."

ಹೀಗೆ ಬೆಂಚಣ್ಣನ ವೃತ್ತಿಯಲ್ಲಿ ಬೋಲ್ಟು ಕಾಣದ ಮೊದಲ ಬೆಂಚು ಅಲ್ಲೇ ಉಳಿಯುತ್ತದೆ. ಮರದ ಕೆಳಗಿನದಕ್ಕೆ ಬೋಲ್ಟು ಬಿಗಿದು, ವೆಲ್ಡರ್‌ಗೆ ಟೀ ಕೊಡಿಸಿ, ಕೈ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಾರೆ. ನರ್ಸಮ್ಮ ಎದ್ದುಹೋದ ಜಾಗದಲ್ಲಿ ಕೂತು, ಅಭ್ಯಾಸಬಲದಿಂದ ಬೆಂಚನ್ನೊಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಅಲ್ಲಾಡುವುದಿಲ್ಲ. ಅಕ್ಕ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಾರೆ.

"ಅಕ್ಕ, ರೂಮಿನವರಿಗೆ ಇವತ್ತು ಹೇಳ್ಬೇಕು. ಏನಂತ ಹೇಳ್ಲಿ?"

ಅಕ್ಕನ ತುಟಿಯ ನಡುವೆ ದಾರದ ತುದಿ. ಲಿಫ್ಟು ಬರುವ ಸದ್ದಾಗುತ್ತದೆ. ಅಕ್ಕ ತಮ್ಮನ ಭುಜದ ಆಚೆ ಕತ್ತು ಚಾಚಿ, ದಾರ ಕಚ್ಚಿ ಕತ್ತರಿಸಿ, ಮೊಣಕೈಯಲ್ಲಿ ತಿವಿಯುತ್ತಾರೆ.

"ಸ್ವಲ್ಪ ಆ ಕಡೆ ಸರಿಯೋ. ಯಾರು ಬಂದ್ರು ಅಂತ ಕಾಣ್ತಿಲ್ಲ."

ಬೆಂಚಣ್ಣ ಸರಿದು ಕೂರುತ್ತಾರೆ. ಜೇಬಿನಿಂದ ಫೋನು ತೆಗೆದು, ಲಾಂಡ್ರಿ ಹಿಂದಿನ ರೂಮಿನ ಮಾಲೀಕರಿಗೆ ಹೇಳುತ್ತಾರೆ: "ಬೇರೆ ಯಾರಿಗಾದ್ರೂ ಕೊಟ್ಬಿಡಿ ಸಾರ್. ನಮ್ಮಕ್ಕನಿಗೆ ಜಾಗ ಸಿಕ್ತು."